ಚಂದ್ರಪ್ರದಕ್ಷಿಣದ ಕಥೆಯಲ್ಲಿ ನಿರ್ವಹಣಸಂಧಿಯ ಔಚಿತ್ಯ

ಫ್ರೆಂಚ್ ಕಾದಂಬರಿಕಾರನಾದ ಜೂಲ್ ವೆರ್ನನು 1865ರಲ್ಲಿ ‘ಭೂಮಿಯಿಂದ ಚಂದ್ರನಿಗೆ’ ಎಂಬ ಕಥೆಯನ್ನು ಪ್ರಕಟಿಸಿ, ಫ್ಲೋರಿಡಾದ ಮಹಾಫಿರಂಗಿಯಿಂದ ಮೂವರು ಪುರುಷರನ್ನು ಗುಂಡಿನೊಳಗಿರಿಸಿ ಹಾರಿಸಿದನು. ಅವರ ಗತಿಯೇನಾಯಿತೆಂದು ತಿಳಿಯಲು ವಾಚಕರು ‘ಚಂದ್ರನ ಸುತ್ತ’ ಎಂಬ ಉತ್ತರಭಾಗಕ್ಕಾಗಿ 1869ರವರೆಗೆ ಕಾಯಬೇಕಾಯಿತು. ಮುಂದೆ 1968ರ ಡಿಸೆಂಬರಿನಲ್ಲಿ ಅಪೊಲೊ 8 ಎಂಬ ನೌಕೆಯು ಮೂವರೊಡನೆ ಫ್ಲೋರಿಡಾದಿಂದಲೇ ಹೊರಟು, ಚಂದ್ರನನ್ನು ಸುತ್ತಿ, ಕಥೆಯಲ್ಲಿದ್ದಂತೆಯೇ ಪೆಸಿಫಿಕ್ ಸಾಗರದಲ್ಲಿ ಇಳಿದುದರಿಂದ, ವೆರ್ನನನ್ನು ದ್ರಷ್ಟಾರನೆಂದು ಕೊಂಡಾಡುವುದು ವಾಡಿಕೆಯಾಗಿದೆ. ಈ ಸಾದೃಶ್ಯಗಳು ಬಾಹ್ಯವಾದುವು. ವಿಮರ್ಶಕನು ಕೇಳಬೇಕಾದ ಪ್ರಶ್ನೆಯೇ ಬೇರೆ: ಹೋದವರು ಹಿಂದಿರುಗಿದುದು ಯಾವುದರಿಂದ?

ಹಿಂದಿರುಗುವ ಯೋಚನೆಯೇ ತನಗಿಲ್ಲವೆಂದು ಕಥಾನಾಯಕರಲ್ಲೊಬ್ಬನಾದ ಆರ್ಡಾನನು ಪೂರ್ವಭಾಗದಲ್ಲಿಯೇ ಸಾರಿದ್ದನು. ಆದರೆ ದಾರಿಯಲ್ಲಿ ಒಂದು ಉಲ್ಕಾಪಿಂಡವು ಅಕಸ್ಮಾತ್ತಾಗಿ ಸಮೀಪಿಸಿ, ಅದರ ಆಕರ್ಷಣದಿಂದ ಗುಂಡು ದಾರಿ ತಪ್ಪಿ, ಚಂದ್ರನ ಮೇಲೆ ಬೀಳದೆ ಅವನನ್ನು ಬಳಸಿ ಬರುತ್ತದೆ. ಕಡೆಗೆ ಚಂದ್ರನ ಮೇಲೆಯೇ ಬೀಳಬೇಕೆಂದು ಅವರು ರಾಕೆಟ್ಟುಗಳನ್ನು ಹೊತ್ತಿಸಿದರೆ, ಗುಂಡು ಭೂಮಿಗೆ ಬೀಳುತ್ತದೆ! ಮುಖಸಂಧಿಯಲ್ಲಿ ಬಿತ್ತಿದ ಬೀಜವೇ ನಿರ್ವಹಣದಲ್ಲಿ ಫಲಿಸಬೇಕೆಂಬುದು ನಾಟ್ಯಶಾಸ್ತ್ರಕಾರರ ಮತವಷ್ಟೆ. ಇಲ್ಲಿ ಬಿತ್ತಿದುದು ಒಂದು, ಬೆಳೆದುದು ಮತ್ತೊಂದು.

ಗಣಿತಜ್ಞರು ಈ ಪ್ರಯಾಣಕ್ಕೆ ರಚಿಸಿರುವ ಮಾರ್ಗವನ್ನು ಇದರೊಡನೆ ಹೋಲಿಸಿ ನೋಡಬೇಕು. ಚಂದ್ರನು ಸುಮಾರು 3,84,000 ಕಿಲೋಮೀಟರು ದೂರದಲ್ಲಿ, ಸೆಕೆಂಡಿಗೆ ಸುಮಾರು 1 ಕಿಲೋಮೀಟರಿನಂತೆ ಚಲಿಸುತ್ತಿದ್ದಾನೆ. ಆದುದರಿಂದ ಮೂರು ದಿನಗಳ ತರುವಾಯ ಅವನು ಬರುವ ಸ್ಥಾನಕ್ಕಿಂತ ತುಸು ಮುಂದಕ್ಕೆ ನೌಕೆಯನ್ನು ಗುರಿಯಿಡುತ್ತಾರೆ. ಅದು ಚಂದ್ರನ ಮುಂದೆ ಹಾದು ಹಿಂಭಾಗವನ್ನು ಬಳಸುವಾಗ, ಅವನ ಆಕರ್ಷಣವೇ ಅದನ್ನು ತಿರುಗಿಸಿ ಭೂಮಿಯ ಕಡೆಗೆ ಕಳುಹಿಸುತ್ತದೆ; ಯಂತ್ರವನ್ನು ಮತ್ತೆ ಹೊತ್ತಿಸಬೇಕಾಗಿಲ್ಲ. ಚಂದ್ರನೊಡನೆ ತಿರುಗುವ ಚೌಕಟ್ಟಿನಲ್ಲಿ ಬರೆದರೆ ಈ ಮಾರ್ಗವು ಎಂಟರ ಅಂಕಿಯನ್ನು ಹೋಲುತ್ತದೆ; ಅದನ್ನು ಸಮಪಾರ್ಶ್ವವಾಗಿ ರಚಿಸಿದರೆ ಹೋದ ಅರ್ಧಕ್ಕೆ ಬಂದ ಅರ್ಧವು ಕನ್ನಡಿಯ ಪ್ರತಿಬಿಂಬದಂತಿರುತ್ತದೆ. ಹೊರಡುವ ಕ್ಷಣದ ವೇಗದಲ್ಲಿಯೂ ದಿಕ್ಕಿನಲ್ಲಿಯೂ ಪುನರಾಗಮನವು ಅಡಗಿದೆ. ಬೀಜಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆಯನ್ನು ಕಾವ್ಯಗಳಲ್ಲಿಯೂ ಕಾಣುವುದು ಅಪೂರ್ವ.

ಇದು ಕೇವಲ ಪಾಂಡಿತ್ಯದ ಮಾತಲ್ಲ, ಪ್ರಾಣಗಳ ಮಾತು. 1970ರ ಏಪ್ರಿಲಿನಲ್ಲಿ ಹೊರಟ ಅಪೊಲೊ 13, ಚಂದ್ರನ ಮೇಲೆ ಉದ್ದೇಶಿಸಿದ್ದ ಸ್ಥಳದಲ್ಲಿ ಇಳಿಯುವ ಸಲುವಾಗಿ, ತಾನಾಗಿ ಹಿಂದಿರುಗಿಸುವ ಈ ಮಾರ್ಗವನ್ನು ಬಿಟ್ಟಿತ್ತು. ಆಮೇಲೆ ಆಮ್ಲಜನಕದ ತೊಟ್ಟಿಯೊಂದು ಸಿಡಿಯಿತು. ಸುಮಾರು ಐದೂವರೆ ಗಂಟೆಗಳ ಅನಂತರ, ಚಂದ್ರನ ಮೇಲಿಳಿಯಲೆಂದಿದ್ದ ಯಂತ್ರವನ್ನೇ ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಉರಿಸಿ, ಬಿಟ್ಟ ಮಾರ್ಗವನ್ನು ಮತ್ತೆ ಹಿಡಿದರು. ಹಾಗೆಯೇ ಬಂದಿದ್ದರೆ ನೌಕೆಯು ನಮ್ಮ ಹಿಂದೂ ಮಹಾಸಾಗರದಲ್ಲಿ ಇಳಿಯುತ್ತಿತ್ತು. ಚಂದ್ರನನ್ನು ಬಳಸಿದ ಮೇಲೆ ಇನ್ನೊಮ್ಮೆ ಯಂತ್ರವನ್ನು ಉರಿಸಿ, ಕಾಲವನ್ನು ಕಡಿಮೆಮಾಡಿ, ಏಪ್ರಿಲ್ 17ರಂದು ಪೆಸಿಫಿಕ್ಕಿನಲ್ಲಿ ಇಳಿದರು. ಇಲ್ಲಿ ವಿಘ್ನವು ಆಕಸ್ಮಿಕ, ನಿರ್ವಹಣವು ಪೌರುಷ. ವೆರ್ನನಲ್ಲಾದರೋ ವಿಘ್ನವೂ ಆಕಸ್ಮಿಕ, ನಿರ್ವಹಣವೂ ಆಕಸ್ಮಿಕ.

ನಿರ್ವಹಣದಲ್ಲಿ ಅದ್ಭುತರಸವಿರಬೇಕೆಂದು ಭರತನೇ ವಿಧಿಸಿರುವಾಗ ಉಲ್ಕಾಪಿಂಡವು ದೋಷವೆಂತು? ಎಂದು ಪೂರ್ವಪಕ್ಷಿಯು ಕೇಳಬಹುದು. ಉತ್ತರವಿದು: ಕಾರಣವಿಲ್ಲದೆ ಬಂದುದು ವಿಸ್ಮಯವನ್ನು ಒಮ್ಮೆ ಮಾತ್ರ ಹುಟ್ಟಿಸುತ್ತದೆ, ಕಾರಣವು ಮೊದಲಿನಿಂದಲೂ ಕಣ್ಣೆದುರಿಗಿದ್ದು ಕಡೆಯಲ್ಲಿ ಪ್ರಕಾಶಿಸಿದರೆ, ಓದಿದಷ್ಟು ಸಲವೂ ವಿಸ್ಮಯವೇ.

ಗುಣಗಳನ್ನು ಮರೆಯುವುದು ವಿಮರ್ಶೆಯಲ್ಲ. ಚಂದ್ರನಿರುವೆಡೆಗಲ್ಲದೆ ಬರುವೆಡೆಗೆ ಗುರಿಯಿಡಬೇಕೆಂಬುದನ್ನು ವೆರ್ನನು ಬಲ್ಲನು. ಸೆಕೆಂಡಿಗೆ 12,000 ಗಜಗಳೆಂದು ಅವನು ಹೇಳಿದ ವೇಗವೂ ನಿಜವಾದ ಪ್ರಯಾಣದ ವೇಗಕ್ಕೆ ಸಮೀಪವಾಗಿದೆ. ಎಂದೆಂದಿಗೂ ಚಂದ್ರನನ್ನೇ ಸುತ್ತುತ್ತಿರಬೇಕಾದೀತೆಂಬ ಮೂವರ ಭಯವನ್ನು ಅವನು ಚಿತ್ರಿಸಿದ ಪರಿಯು ಈಗಲೂ ಹೃದಯವನ್ನು ಕಲಕುತ್ತದೆ. ತನ್ನ ಪಾತ್ರಗಳ ಮೇಲಿನ ವಾತ್ಸಲ್ಯದಿಂದ ಅವರನ್ನು ಮನೆಗೆ ಕರೆತಂದನು. ಕರೆತರುವ ದಾರಿಯನ್ನು ಮಾತ್ರ ಮೊದಲೇ ಹಾಕಿರಲಿಲ್ಲ. ಹೋಗುವ ಹಾದಿಯನ್ನು ಬಗೆಯುವಾಗಲೇ ಬರುವ ಹಾದಿಯನ್ನೂ ಬಗೆಯಬೇಕೆಂಬುದು ಗಣಿತಜ್ಞನಿಗೆ ಎಷ್ಟೋ, ಕವಿಗೂ ಅಷ್ಟೇ ಅವಶ್ಯವಾದ ಧರ್ಮವೆಂದು ನಮ್ಮ ಅಭಿಪ್ರಾಯ.