ಅರ್ಧ ಓದಿದ ವ್ಯಾಖ್ಯೆ

'ಸುಸ್ಥಿರ ಅಭಿವೃದ್ಧಿ' ಎಂಬ ಮಾತು ಈಗ ಎಲ್ಲರ ಬಾಯಲ್ಲಿ. ಸಿಮೆಂಟು ಕಂಪೆನಿಯ ಜಾಹೀರಾತಿನಲ್ಲೂ ಅದೇ, ಮಂತ್ರಿಗಳ ಭಾಷಣದಲ್ಲೂ ಅದೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಗೆ ಇದಕ್ಕಿಂತ ಹಿತವಾದ ಶಬ್ದ ಸಿಕ್ಕಲಾರದು. ಆದುದರಿಂದ ಅದರ ಮೂಲವನ್ನೊಮ್ಮೆ ತೆರೆದು ನೋಡುವುದು ಒಳಿತೆಂದು ನಮಗೆ ತೋರುತ್ತದೆ.

ವಿಶ್ವಸಂಸ್ಥೆ 1983ರಲ್ಲಿ ನೇಮಿಸಿದ, ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ಆಯೋಗವು 1987ರಲ್ಲಿ ಕೊಟ್ಟ ವರದಿಯೇ ಈ ಮಾತಿಗೆ ಚಲಾವಣೆ ತಂದುದು. ಮುಂದಿನ ಪೀಳಿಗೆಯ ಅವಶ್ಯಕತೆಗಳಿಗೆ ಧಕ್ಕೆ ತಾರದೆ ಇಂದಿನವನ್ನು ಪೂರೈಸಿಕೊಳ್ಳುವುದು—ಎಲ್ಲರೂ ಹೇಳುವುದು ಇಷ್ಟನ್ನೇ. ಅದರ ಬೆನ್ನಿಗೇ ಬರುವ ಮಾತನ್ನು ಹೆಚ್ಚಿನವರು ಓದಿದಂತಿಲ್ಲ: ಅವಶ್ಯಕತೆಯೆಂದರೆ ಮುಖ್ಯವಾಗಿ ಬಡವರದು, ಅದಕ್ಕೇ ಅಗ್ರಸ್ಥಾನ. ಮೊಮ್ಮಕ್ಕಳ ಹೆಸರು ಹೇಳುವುದು ಸುಲಭ; ಅವರಿನ್ನೂ ಹುಟ್ಟಿಲ್ಲ, ಪಾಲು ಕೇಳುವುದಿಲ್ಲ. ಪಕ್ಕದ ಬಡವನು ಕೇಳುತ್ತಾನೆ.

ಹಾಗೆಂದು ದೋಷವೆಲ್ಲ ಓದಿದವರದೇ ಅಲ್ಲ. ಬಡತನ ನೀಗಲು ಬೆಳವಣಿಗೆ ಬೇಕೇ ಬೇಕೆಂದು ವರದಿ ನಂಬಿತ್ತು. ಜನಸಂಖ್ಯೆ ಸ್ಥಿರಗೊಳ್ಳುವ ಹೊತ್ತಿಗೆ ಜಗತ್ತಿನ ಕೈಗಾರಿಕಾ ಉತ್ಪಾದನೆ 5ರಿಂದ 10 ಪಟ್ಟು ಏರಬಹುದೆಂದೂ ಎಣಿಸಿತ್ತು. ಉಳ್ಳವರು ಹಿತಮಿತವಾಗಿ ಬಾಳಬೇಕೆಂದು ಅದು ಹೇಳದೆ ಇಲ್ಲ. ಆದರೆ ಎಷ್ಟು ಬಿಡಬೇಕು, ಬಿಡದಿದ್ದರೆ ಏನು ಎಂಬಲ್ಲಿ ಅದರ ದನಿ ತಗ್ಗುತ್ತದೆ.

ಮುಂಬಯಿವಾಸಿಗಳಾದ ನಮಗೆ ಇದು ದೂರದ ಮಾತಲ್ಲ. ಊರಿನಲ್ಲಿ ಬಚ್ಚಲ ನೀರನ್ನೂ ತೆಂಗಿನ ಬುಡಕ್ಕೆ ಬಿಡುತ್ತಿದ್ದ ನಮ್ಮವರು ಇಲ್ಲಿ ನಲ್ಲಿ ತಿರುವಿದರೆ ಬರುವ ನೀರು ಎಲ್ಲಿಯದೆಂದು ಕೇಳುವುದು ಕಡಿಮೆ. ಅದರ ದೊಡ್ಡ ಪಾಲು ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನ ತಾನಸಾ, ಮೋಡಕ ಸಾಗರ, ಭಾತಸಾ ಜಲಾಶಯಗಳದು. ಅದೇ ತಾಲೂಕಿನ ಎಷ್ಟೋ ಆದಿವಾಸಿ ಪಾಡಾಗಳಿಗೆ ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ತಾನಸಾ ಅಣೆಕಟ್ಟು 1892ರದು. ಆಗಿನ ಲೆಕ್ಕದ 'ಮುಂದಿನ ಪೀಳಿಗೆ'ಯೆಂದರೆ ನಲ್ಲಿಯ ಮುಂದೆ ನಿಂತ ನಾವಷ್ಟೇ ಅಲ್ಲ, ಕೊಡ ಹಿಡಿದು ಟ್ಯಾಂಕರು ಕಾಯುವ ಈ ಹೆಂಗಸರೂ ಹೌದು.

ಪಾಲ್ಘರ ಜಿಲ್ಲೆಯ ಗಾರಗಾಯಿ ನದಿಗೂ ಅಣೆಕಟ್ಟು ಕಟ್ಟುವ ಯೋಜನೆ ವರ್ಷಗಳಿಂದ ಇದೆ. ಕಾಡೂ ಹಳ್ಳಿಗಳೂ ಮುಳುಗುವಂಥದು. ಕೇಳುತ್ತಿರುವುದು ನಗರದ ಅವಶ್ಯಕತೆಯ ಹೆಸರಿನಲ್ಲಿ. ಅದರೊಳಗೆ ಕುಡಿಯುವ ನೀರೆಷ್ಟು, ಕಾರು ತೊಳೆಯುವ ನೀರೆಷ್ಟು, ಒಡೆದ ಕೊಳಾಯಿಯಲ್ಲಿ ಸೋರುವುದೆಷ್ಟು ಎಂದು ಬಿಡಿಸಿ ಹೇಳುವವರೆಗೆ ಆ ಯೋಜನೆಗೆ 'ಸುಸ್ಥಿರ'ವೆಂಬ ವಿಶೇಷಣವನ್ನು ನಾವು ಕೊಡಲಾರೆವು.