ಮತ್ತೆ ಮತ್ತೆ ಓದುವ ಕಾದಂಬರಿಗಳು

ನಮ್ಮ ಸಂಘದ ಸದಸ್ಯರ ಮನೆಗಳಿಗೆ ಊಟಕ್ಕೆ ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ಪುಸ್ತಕದ ಕಪಾಟಿನ ಕಡೆಗೆ. ಮುಂದಿನ ಸಾಲಿನಲ್ಲಿ ಕುವೆಂಪು, ಕಾರಂತ, ಭೈರಪ್ಪ, ಡಿ.ವಿ.ಜಿ.ಯವರ ಕಗ್ಗ ಠೀವಿಯಿಂದ ನಿಂತಿರುತ್ತವೆ. ಅವುಗಳ ಹಿಂದೆ, ರಟ್ಟು ಕಿತ್ತು, ಹಾಳೆ ಹಳದಿಗಟ್ಟಿ, ಸೆಲ್ಲೋಟೇಪ್ ಹಚ್ಚಿಸಿಕೊಂಡು ಕೂತಿರುತ್ತವೆ ತ್ರಿವೇಣಿ, ವಾಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ. ಯಾವ ಸಾಲಿನ ಪುಸ್ತಕ ಹೆಚ್ಚು ಸವೆದಿದೆ ಎಂದು ನೋಡಿದರೆ ಮನೆಯವರು ನಿಜವಾಗಿ ಓದುವುದು ಯಾವುದನ್ನು ಎಂದು ತಿಳಿದುಹೋಗುತ್ತದೆ. ಆದರೆ ಕೇಳಿದರೆ ಮಾತ್ರ, “ಅಯ್ಯೋ, ಅದೆಲ್ಲ ಹಳೇ ಲೈಬ್ರರಿ ಕಾದಂಬರಿಗಳು, ಸುಮ್ಮನೆ ಇಟ್ಟಿದ್ದೇವೆ” ಎನ್ನುತ್ತಾರೆ. ಈ ಸಂಕೋಚ ಏಕೆ?

ಒಂದು ಕಾಲದಲ್ಲಿ ಈ ಲೇಖಕಿಯರ ಬರವಣಿಗೆಗೆ ‘ಅಡುಗೆಮನೆ ಸಾಹಿತ್ಯ’ ಎಂಬ ಹೆಸರು ಬಿದ್ದಿತ್ತು. ನವ್ಯದ ಭರಾಟೆಯಲ್ಲಿ ಕಥಾನಾಯಕನೆಂದರೆ ಊರು ಬಿಟ್ಟವನು, ಯಾವುದರಲ್ಲೂ ನಂಬಿಕೆ ಇಲ್ಲದವನು ಎಂದಾಗಿದ್ದಾಗ, ಕಾಫಿ ಸೋಸುತ್ತಾ ಗಂಡನ ಮನಸ್ಸನ್ನು ಅಳೆಯುವ ನಾಯಕಿ ವಿಮರ್ಶಕರ ಕಣ್ಣಿಗೆ ಬೀಳಲಿಲ್ಲ. ಓದುಗರೋ, ‘ಸದಭಿರುಚಿಯ ಕಾದಂಬರಿ’ ಎಂದು ಕರೆದು ಒಪ್ಪಿಕೊಂಡರು. ಮನೆಮಂದಿಯ ನಡುವೆ ಕೂತು ಮುಚ್ಚಿಡದೆ ಓದಬಹುದಾದ ಪ್ರೇಮಕಥೆ ಎಂದು ಆ ಮಾತಿನ ಅರ್ಥ. ನನಗೆ ಎರಡೂ ಹೆಸರು ಸಾಲದು. ಕೆಟ್ಟದ್ದೇನೂ ಇಲ್ಲ ಎನ್ನುವುದು ಅಡುಗೆಗೂ ಪ್ರಶಂಸೆಯಲ್ಲ, ಪುಸ್ತಕಕ್ಕೂ ಅಲ್ಲ. ಮೂರನೆಯ ಸಲ, ನಾಲ್ಕನೆಯ ಸಲ ಓದಿದಾಗ ಈ ಪುಸ್ತಕಗಳಲ್ಲಿ ಏನು ಉಳಿಯುತ್ತದೆ, ಏನು ಕರಗುತ್ತದೆ ಎಂದು ನೋಡುವುದು ನನ್ನ ಉದ್ದೇಶ.

ಮೊದಲು ಒಂದು ವಿಶೇಷ ಹೇಳಬೇಕು. ಇಲ್ಲಿನ ಲೈಬ್ರರಿಗಳಲ್ಲಿ ನಮ್ಮ ಹೆಣ್ಣುಮಕ್ಕಳು ತರುವ ಮಿಲ್ಸ್ ಅಂಡ್ ಬೂನ್ ಜಾತಿಯ ಇಂಗ್ಲಿಷ್ ಕಾದಂಬರಿಗಳಲ್ಲಿ ಹುಡುಗ ಹುಡುಗಿ ಜಗಳವಾಡಿ, ಕೊನೆಗೆ ಒಪ್ಪಿ, ಮದುವೆಯ ಬಾಗಿಲಿಗೆ ಬಂದರೆ ಕಥೆ ಮುಗಿಯಿತು. ನಮ್ಮ ಲೇಖಕಿಯರ ಎಷ್ಟೋ ಕಥೆಗಳು ಶುರುವಾಗುವುದೇ ಆ ಬಾಗಿಲಿನಿಂದ. ತಾಳಿ ಕಟ್ಟಿದ ಮೇಲೆ ಪ್ರೀತಿ ಹುಟ್ಟುತ್ತದೆಯೆ, ಹುಟ್ಟದಿದ್ದರೆ ಏನು ಮಾಡುವುದು, ಹುಟ್ಟಿದ್ದು ಅತ್ತೆ, ನಾದಿನಿ, ದುಡ್ಡು, ಕಾಯಿಲೆ ಇವುಗಳ ನಡುವೆ ಬದುಕುತ್ತದೆಯೆ? ಜಾತಕ ನೋಡಿ, ಒಂದು ಸಂಜೆ ಉಪ್ಪಿಟ್ಟು ಕೇಸರಿಬಾತು ತಿಂದು, ಒಪ್ಪಿಕೊಂಡು ಮದುವೆಯಾದ ಒಂದು ಇಡೀ ತಲೆಮಾರಿಗೆ ಇದು ಸ್ವಂತ ಪ್ರಶ್ನೆ. ಅದಕ್ಕೇ ಈ ಕಾದಂಬರಿಗಳು ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದಾಗ ಮುಂದಿನ ಕಂತಿಗೆ ಅಷ್ಟು ಕಾತರ. ಮೊದಲ ಓದು ಆ ಕಾತರದ ಓದು. ಮುಂದೇನಾಗುತ್ತದೆ ಎಂದು ಗೊತ್ತಿದ್ದೂ ಕೈಗೆತ್ತಿಕೊಂಡಾಗಲೇ ಬರವಣಿಗೆಯ ಸತ್ವ ತಿಳಿಯುವುದು.

ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನೇ ತೆಗೆದುಕೊಳ್ಳಿ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ಚಿತ್ರ ಮಾಡಿದ್ದರಿಂದ ಕಥೆ ಬಹುಮಂದಿಗೆ ಗೊತ್ತು. ಎಸ್ಟೇಟಿನ ಮಾಲೀಕ ಸದಾಶಿವರಾಯರಿಗೆ ಇಂದಿರಾ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಲಿರುವ ಮೋಹನನನ್ನು ರಾಯರು ತಮ್ಮ ಖರ್ಚಿನಲ್ಲಿ ಹೆಚ್ಚಿನ ಓದಿಗೆ ಅಮೆರಿಕಕ್ಕೆ ಕಳಿಸುತ್ತಾರೆ. ಅವನು ಅಲ್ಲಿರುವಾಗ ರಾಯರಿಗೆ ಗಂಡು ಮಗು ಹುಟ್ಟುತ್ತದೆ. ಆಸ್ತಿಯ ಲೆಕ್ಕ ಬದಲಾಗುತ್ತದೆ, ಹಿಂತಿರುಗಿದ ಮೋಹನನ ಮನಸ್ಸೂ ಬದಲಾಗುತ್ತದೆ. ಆಮೇಲೆ ಅವನು ಅಪಘಾತಕ್ಕೊಳಗಾಗಿ ಮಲಗಿದಾಗ ಇಂದಿರಾ ಅವನ ಆರೈಕೆ ಮಾಡುತ್ತಾಳೆ. ಅವನು ಕರಗಿ, ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ.

ಮೊದಲ ಓದಿಗೆ ಇದು ಮೋಹನನ ದುರಾಸೆಯ ಕಥೆ. ಮತ್ತೆ ಓದಿದರೆ ರಾಯರು ಮುಂದೆ ಬರುತ್ತಾರೆ. ಅಷ್ಟು ಒಳ್ಳೆಯ, ಅಷ್ಟು ಮಮತೆಯ ತಂದೆ. ಆದರೆ ಅಳಿಯನಾಗುವವನ ಓದಿಗೆ ದುಡ್ಡು ಕೊಟ್ಟು ಮಗಳ ಮದುವೆಯನ್ನು ಆಸ್ತಿಯ ಜೊತೆ ಕಟ್ಟಿದವರು ಅವರೇ. ಮೋಹನ ಆ ಲೆಕ್ಕವನ್ನು ಕೊನೆಯವರೆಗೂ ಕೂಡಿದ, ಅಷ್ಟೆ. ಇನ್ನೊಮ್ಮೆ ಓದಿದರೆ ಮತ್ತೊಂದು ಕಾಣುತ್ತದೆ: ತಮ್ಮ ಹುಟ್ಟಿದ ಕೂಡಲೆ ಅಕ್ಕನ ಪಾಲು ಇಲ್ಲವಾಗುತ್ತದೆ ಎಂಬ ಊಹೆಯ ಮೇಲೆ ಇಡೀ ಕಥೆ ನಿಂತಿದೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಇನ್ನೂ ನಲವತ್ತು ತುಂಬದ ವಯಸ್ಸಿನಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಕಾನೂನು ಬದಲಾದ ಮೇಲೂ ಊರಿನ ಮನೆ ಸೈಟುಗಳ ಮಾತು ಬಂದಾಗ ನಮ್ಮ ಕುಟುಂಬಗಳಲ್ಲಿ ಆ ಹಳೆಯ ಊಹೆ ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಯೋಚಿಸಿದರೆ ‘ಬೆಳ್ಳಿಮೋಡ’ ಹಳೆಯ ಕಥೆ ಎನಿಸುವುದಿಲ್ಲ. ಅಲ್ಲದೆ ಮೋಹನ ನಮ್ಮವನೇ. ಪರದೇಶದ ಡಿಗ್ರಿ ಹಿಡಿದು ಊರಿಗೆ ಹೋದವನು ತನ್ನ ಬೆಲೆ ಏರಿದೆ ಎಂದುಕೊಳ್ಳುವುದನ್ನು ತ್ರಿವೇಣಿ ನಮ್ಮಲ್ಲಿ ಹೆಚ್ಚಿನವರು ವಿಮಾನ ಹತ್ತುವುದಕ್ಕೆ ಎಷ್ಟೋ ಮೊದಲೇ ಬರೆದಿಟ್ಟರು.

ಇಂದಿರೆಯ ನಿರಾಕರಣೆ ನನಗೆ ಪ್ರತಿ ಓದಿನಲ್ಲೂ ಸಮಾಧಾನ ಕೊಡುತ್ತದೆ. ರೋಗಿಗೆ ಆರೈಕೆ ಬೇರೆ, ಗಂಡನೆಂದು ಒಪ್ಪುವುದು ಬೇರೆ ಎಂದು ಅವಳಿಗೆ ಗೊತ್ತು. ದ್ವೇಷವಿಲ್ಲ, ಕೂಗಾಟವಿಲ್ಲ. ನಾನು ‘ಸದಭಿರುಚಿ’ ಎನ್ನುವ ಮಾತನ್ನು ಬಳಸುವುದಾದರೆ ಇದಕ್ಕೆ ಬಳಸುತ್ತೇನೆ.

ಈಗ ವಾಣಿಯವರ ‘ಎರಡು ಕನಸು’. ರಾಜಕುಮಾರ್, ಕಲ್ಪನಾ, ಮಂಜುಳಾ ನಟಿಸಿದ 1974ರ ಚಿತ್ರದಿಂದ ಮನೆಮಾತಾದ ಕಥೆ. ಲಲಿತೆಯನ್ನು ಪ್ರೀತಿಸಿದ ರಾಮಚಂದ್ರ, ಆ ಸಂಬಂಧ ಕೂಡಿಬರದೆ, ಮನೆಯವರ ಒತ್ತಾಯಕ್ಕೆ ಗೌರಿಯನ್ನು ಮದುವೆಯಾಗುತ್ತಾನೆ. ಮನಸ್ಸು ಮಾತ್ರ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಗೌರಿ ಕಾಯುತ್ತಾಳೆ, ಕೊನೆಗೆ ಅವಳ ಕಾಯುವಿಕೆ ಫಲಿಸುತ್ತದೆ. ವಾಣಿಯವರ ದೊಡ್ಡ ಗುಣವೆಂದರೆ ಇಬ್ಬರು ಹೆಂಗಸರಲ್ಲಿ ಒಬ್ಬಳನ್ನೂ ಕೆಟ್ಟವಳನ್ನಾಗಿ ಮಾಡದಿರುವುದು. ಸುಲಭವಾದ ದಾರಿ ಅದಾಗಿತ್ತು.

ಆದರೂ ನನ್ನ ತಕರಾರು ಒಂದಿದೆ. ಗೌರಿಯ ತಾಳ್ಮೆಯನ್ನು ನಾವು ಇಷ್ಟೊಂದು ಮೆಚ್ಚಿಕೊಂಡು ಓದುವುದು ಕೊನೆ ಸುಖಾಂತವೆಂದು ಗೊತ್ತಿರುವುದರಿಂದ. ಕೊನೆಯ ಕೆಲವು ಪುಟ ಹರಿದುಹೋದ ಪ್ರತಿ ನಿಮ್ಮ ಕೈಗೆ ಬಂದಿದ್ದರೆ? ಗಂಡ ತಿರುಗಿ ನೋಡದ ಮನೆಯಲ್ಲಿ ನಗುಮುಖ ಹೊತ್ತು ಓಡಾಡುವ ಹೆಂಗಸು ಮಾತ್ರ ಉಳಿಯುತ್ತಾಳೆ. ಹತ್ತಿರದಲ್ಲಿ ತವರಿಲ್ಲದ, ಕಾರು ಓಡಿಸಲು ಬಾರದ, ವೀಸಾ ಗಂಡನ ಕೆಲಸಕ್ಕೆ ಅಂಟಿಕೊಂಡಿರುವ ಎಷ್ಟೋ ಹೊಸ ಮದುವಣಗಿತ್ತಿಯರು ಈ ದೇಶಕ್ಕೆ ಬಂದಿದ್ದಾರೆ, ಬರುತ್ತಿದ್ದಾರೆ. ಅಂಥವಳ ಕೈಗೆ ಈ ಪುಸ್ತಕ ಕೊಟ್ಟು “ನೋಡು, ತಾಳಿದವಳು ಬಾಳಿಯಾಳು” ಎಂದರೆ ಅದು ನೆಮ್ಮದಿ ಹೇಳಿದಂತಲ್ಲ, ಬಾಯಿ ಮುಚ್ಚಿಸಿದಂತೆ. ಕಾದಂಬರಿಯ ತಪ್ಪು ಇದರಲ್ಲಿ ಅರ್ಧ, ನಾವು ಅದನ್ನು ನೀತಿಪಾಠ ಮಾಡಿಕೊಂಡದ್ದು ಇನ್ನರ್ಧ. ಪ್ರೇಮಕಥೆಯಾಗಿ ಓದಿ, ಸಂತೋಷ ಪಡಿ. ಬುದ್ಧಿವಾದವಾಗಿ ಯಾರಿಗೂ ದಾಟಿಸಬೇಡಿ.

ಸಾಯಿಸುತೆಯವರ ಅಭಿಮಾನಿಗಳು ನಮ್ಮ ಸಂಘದಲ್ಲಿ ಬಹಳ, ಆದ್ದರಿಂದ ಹುಷಾರಾಗಿ ಬರೆಯುತ್ತೇನೆ! ನೂರಕ್ಕೂ ಮೀರಿ ಕಾದಂಬರಿ ಬರೆದವರು. ‘ಬಾಡದ ಹೂ’ 1982ರಲ್ಲಿ, ‘ಇಬ್ಬನಿ ಕರಗಿತು’ 1983ರಲ್ಲಿ ಚಿತ್ರಗಳಾದವು. ಓಟ ಸರಾಗ, ಸಂಭಾಷಣೆ ಚುರುಕು, ನಾಯಕಿಗೆ ಸ್ವಾಭಿಮಾನ ಉಂಟು. ಆದರೆ ಒಂದಾದ ಮೇಲೊಂದು ಓದುತ್ತಾ ಹೋದರೆ ಮುಖಗಳು ಒಂದರೊಳಗೊಂದು ಬೆರೆತುಹೋಗುತ್ತವೆ: ಅನುಕೂಲಸ್ಥ, ಮುಂಗೋಪಿ, ಒಳಗೊಳಗೇ ಮೃದುವಾದ ನಾಯಕ, ಎರಡು ನಿಮಿಷ ಎದುರುಬದುರು ಕೂತು ಮಾತಾಡಿದ್ದರೆ ಬಗೆಹರಿಯಬಹುದಾಗಿದ್ದ ಒಂದು ತಪ್ಪು ತಿಳುವಳಿಕೆ. ಕೆಲಸ ಮುಗಿಸಿ ಸುಸ್ತಾಗಿ ಬಂದ ಚಳಿಗಾಲದ ರಾತ್ರಿಗೆ ಬಿಸಿ ಸಾರು ಅನ್ನದಂತೆ ಒಗ್ಗುತ್ತವೆ. ಸಾರು ಅನ್ನವನ್ನು ಯಾರೂ ಹೀಯಾಳಿಸಬಾರದು. ಮರುಓದಿಗೆ ಹೊಸದೇನನ್ನೂ ಕೊಡುವುದಿಲ್ಲ ಎಂಬುದು ಮಾತ್ರ ನಿಜ.

ಉಷಾ ನವರತ್ನರಾಂ ಅವರ ‘ಬಂಧನ’ದ ಮಾತು ಬೇರೆ. 1984ರ ಚಿತ್ರ ನೋಡಿದವರಿಗೆ ಡಾಕ್ಟರ್ ಹರೀಶನ ಪಾತ್ರದಲ್ಲಿ ವಿಷ್ಣುವರ್ಧನ್ ನೆನಪಿರುತ್ತಾರೆ. ಹರೀಶ ಮನಸಾರೆ ಪ್ರೀತಿಸಿದ ನಂದಿನಿ ಅವನನ್ನು ಸ್ನೇಹಿತನೆಂದಷ್ಟೇ ಎಣಿಸಿದ್ದಳು, ಅವಳ ಮದುವೆ ಇನ್ನೊಬ್ಬನ ಜೊತೆ. ಬೇಡವೆಂದ ಹುಡುಗಿಯ ಹಿಂದೆ ಬಿದ್ದು ಒಪ್ಪಿಸುವುದೇ ಪ್ರೇಮ ಎಂದು ಸಿನಿಮಾಗಳು ಇಂದಿಗೂ ಕಲಿಸುತ್ತಿರುವಾಗ, ದೂರ ಸರಿದು ನಿಂತು ತನ್ನ ನೋವನ್ನು ತಾನೇ ನುಂಗಿದ ಗಂಡಸಿನ ಕಥೆ ನಮ್ಮ ಗಂಡುಮಕ್ಕಳೂ ಓದಬೇಕಾದದ್ದು. ಆದರೆ ಅವನ ಕುಡಿತವನ್ನು ಭವ್ಯವೆಂದು ತಿಳಿಯದೆ!

ಹಿಂದಿನ ಸಾಲಿನಲ್ಲಿದ್ದೂ ನೆಮ್ಮದಿಯ ಓದಲ್ಲದ್ದು ಒಂದಿದೆ, ತ್ರಿವೇಣಿಯವರ ‘ಶರಪಂಜರ’. ಕಾವೇರಿ ಮತ್ತು ಸತೀಶರ ಪ್ರೀತಿ, ಮದುವೆ, ಸಂಸಾರ, ಎಲ್ಲ ಒಂದು ಮುದ್ದಾದ ಪ್ರೇಮಕಾದಂಬರಿಗೆ ಬೇಕಾದಷ್ಟಿದೆ. ಆಮೇಲೆ ಹೆರಿಗೆಯ ನಂತರ ಅವಳಿಗೆ ಮನಸ್ಸಿನ ಕಾಯಿಲೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ವಾಸಿಯಾಗಿದೆ ಎಂದು ಒಪ್ಪದವರು ಮನೆಯವರು, ಬಂಧುಗಳು, ನೆರೆಹೊರೆಯವರು, ಎಲ್ಲಕ್ಕಿಂತ ಹೆಚ್ಚಾಗಿ ಗಂಡ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಮನಃಶಾಸ್ತ್ರ ಓದಿದ್ದ ಲೇಖಕಿ ಕಾಯಿಲೆಗಿಂತ ಕಾಯಿಲೆಯ ಹೆಸರು ಹೇಗೆ ಕೊಲ್ಲುತ್ತದೆ ಎಂದು ತೋರಿಸುತ್ತಾರೆ. ಊರಿನಿಂದ ಅಮ್ಮ ಬಂದು ಆರು ತಿಂಗಳಿದ್ದು ಹೋದ ಮೇಲೆ ಎಳೆಮಗುವಿನೊಂದಿಗೆ ಒಬ್ಬಳೇ ಉಳಿಯುವ ಬಾಣಂತಿಯರು ನಮ್ಮಲ್ಲಿ ಎಷ್ಟು ಮಂದಿ! “ಏನೂ ಇಲ್ಲ, ಸ್ವಲ್ಪ ಸುಸ್ತು” ಎಂದು ಅವರೂ ಹೇಳುತ್ತಾರೆ, ನಾವೂ ನಂಬುತ್ತೇವೆ. ಡಾಕ್ಟರ ಬಳಿ ಹೋದದ್ದು ನಾಲ್ಕು ಮನೆಗೆ ಗೊತ್ತಾದರೆ ಪಾಟ್‌ಲಕ್‌ನಲ್ಲಿ ಪಿಸುಮಾತು ಶುರು. ಆ ಪಿಸುಮಾತಾಡುವವರನ್ನೇ ತ್ರಿವೇಣಿ ಬರೆದಿದ್ದಾರೆ. ಗಂಡಸರು ಈ ಪುಸ್ತಕವನ್ನು ಓದಬೇಕೆಂದು ನನ್ನ ಆಗ್ರಹ.

ಕೊನೆಯದಾಗಿ, ಪ್ರೇಮವೇ ಇಲ್ಲದ ಒಂದು ಕಾದಂಬರಿಯನ್ನು ಈ ಪಟ್ಟಿಯ ತಲೆಗೇ ಇಡುತ್ತೇನೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976). ಒಂಬತ್ತರ ವಯಸ್ಸಿಗೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ದಾಟಿ ಬದುಕಿದ ಮಲೆನಾಡಿನ ಅಜ್ಜಿ. ಮದುವೆ ಎಂದರೇನೆಂದು ತಿಳಿಯುವ ಮುನ್ನವೇ ಅವಳ ಮದುವೆ ಮುಗಿದುಹೋಗಿತ್ತು. ಅಂಥ ಕಥೆ ನೆಮ್ಮದಿ ಕೊಡುವುದಾದರೂ ಹೇಗೆ? ಫಣಿಯಮ್ಮ ಕಹಿಯಾಗುವುದಿಲ್ಲ, ಕುರುಡಾಗುವುದೂ ಇಲ್ಲ. ಮಡಿಯನ್ನು ಬದಿಗಿಟ್ಟು ಕೇರಿಯ ಹೆಂಗಸಿನ ಕಷ್ಟದ ಹೆರಿಗೆ ಮಾಡಿಸುತ್ತಾಳೆ; ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದ ಇನ್ನೊಬ್ಬ ಎಳೆಯ ವಿಧವೆಯ ಪರ ನಿಲ್ಲುತ್ತಾಳೆ. ತನಗೆ ಆದದ್ದು ಇನ್ನೊಬ್ಬಳಿಗೆ ಆಗಬಾರದು ಎನ್ನುವ ಅವಳ ತಾಳ್ಮೆಗೂ ‘ಎರಡು ಕನಸು’ವಿನ ಗೌರಿಯ ತಾಳ್ಮೆಗೂ ಅಜಗಜಾಂತರ. ಗೌರಿಯ ತಾಳ್ಮೆ ಗಂಡನ ಪ್ರೀತಿಯನ್ನು ಕೇಳುತ್ತದೆ, ಫಣಿಯಮ್ಮನದು ತನಗಾಗಿ ಏನನ್ನೂ ಕೇಳದೆ ಕೆಲಸ ಮಾಡುತ್ತದೆ. ಕನ್ನಡ ಓದಲು ಬಾರದ ಮಕ್ಕಳಿಗೆ 1989ರಲ್ಲಿ ಬಂದ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದವಿದೆ. ಮಲೆನಾಡಿನ ಮಾತಿನ ಸೊಗಸು ಬೇಕೆಂದರೆ ಮಾತ್ರ ನೀವೇ ಗಟ್ಟಿಯಾಗಿ ಓದಿ ಹೇಳಬೇಕು.

ಹೀಗೆ ನೋಡಿದರೆ, ಮತ್ತೆ ಮತ್ತೆ ಓದಿಸಿಕೊಳ್ಳುವ ಪುಸ್ತಕ ಸುಖಾಂತವೇ ಆಗಿರಬೇಕಿಲ್ಲ. ಅದರಲ್ಲಿ ಒಬ್ಬರಾದರೂ ತಮ್ಮ ಮರ್ಯಾದೆ ಉಳಿಸಿಕೊಂಡು, ಇನ್ನೊಬ್ಬರ ಮರ್ಯಾದೆ ತೆಗೆಯದೆ ಬದುಕಿರಬೇಕು. ಆ ಒಬ್ಬರ ಜೊತೆ ಒಂದು ಸಂಜೆ ಕೂತಿದ್ದು ಬರುವುದೇ ನಮಗೆ ಸಿಗುವ ನೆಮ್ಮದಿ. ಇಂದಿರಾ, ಹರೀಶ, ಫಣಿಯಮ್ಮ ಅಂಥವರು. ಉಳಿದವು ಸಾರು ಅನ್ನ. ಅದೂ ಬೇಕು.

ಊರಿಗೆ ಹೋಗುವವರಲ್ಲಿ ಒಂದು ಕೋರಿಕೆ: ಇಪ್ಪತ್ಮೂರು ಕಿಲೋ ಸೂಟ್‌ಕೇಸಿನಲ್ಲಿ ಚಕ್ಕುಲಿ, ಹುಳಿಪುಡಿ, ಮೆಣಸಿನಪುಡಿಗಳ ನಡುವೆ ಇಂಥ ಎರಡು ಪುಸ್ತಕಕ್ಕೆ ಜಾಗ ಮಾಡಿ. ಈಗಾಗಲೇ ಬೇಸ್‌ಮೆಂಟಿನ ಪೆಟ್ಟಿಗೆಯಲ್ಲಿ ಇಟ್ಟಿರುವವರು ಮುಂದಿನ ಯುಗಾದಿ ಊಟದ ದಿನ ತಂದು ಬೇರೆಯವರೊಡನೆ ಬದಲಾಯಿಸಿಕೊಳ್ಳಿ. ಒಳರಟ್ಟಿನ ಮೇಲೆ ಹೆಸರು ಬರೆದಿರಲಿ. ‘ಫಣಿಯಮ್ಮ’ ಮಾತ್ರ ಎರಡು ಪ್ರತಿ ಬೇಕಾಗಬಹುದು. ನನ್ನದನ್ನು ನಾನು ಯಾರಿಗೂ ಕೊಡುವುದಿಲ್ಲ.