ಮುಪ್ಪು, ಹಂಗು ಮತ್ತು ಹೊಣೆ: ಒಂದು ವಚನ, ಒಂದು ನಾಟಕ

ಮುಪ್ಪನ್ನು ಕುರಿತ ಸಾಹಿತ್ಯವನ್ನು ವೈರಾಗ್ಯದ ಪೀಠಿಕೆಯಾಗಿ ಓದುವುದು ವಿಮರ್ಶೆಯಲ್ಲಿ ರೂಢಿಯಾಗಿದೆ. ನರೆ, ಸುಕ್ಕು, ಬಾಗಿದ ಬೆನ್ನು ದೇಹದ ನಶ್ವರತೆಯ ಕುರುಹುಗಳು. ಅವನ್ನು ಕಂಡವನು ಲೋಕವಿಮುಖನಾಗುತ್ತಾನೆ ಎಂಬುದು ಈ ಓದಿನ ಸಾರ. ಆದರೆ ಹನ್ನೆರಡನೆಯ ಶತಮಾನದ ಬಸವಣ್ಣನವರ ಒಂದು ವಚನವನ್ನೂ ಗಿರೀಶ ಕಾರ್ನಾಡರ ‘ಯಯಾತಿ’ (1961) ನಾಟಕವನ್ನೂ ಒಟ್ಟಿಗಿಟ್ಟು ನೋಡಿದಾಗ ಬೇರೊಂದು ಪ್ರಶ್ನೆ ಎದುರಾಗುತ್ತದೆ: ಕುಗ್ಗುವ ದೇಹದ ಭಾರವನ್ನು ಹೊರಬೇಕಾದವರು ಯಾರು?

ಮುಪ್ಪು ಆವರಿಸುವ ಮೊದಲೇ ಕೂಡಲಸಂಗಮದೇವನನ್ನು ಪೂಜಿಸಬೇಕೆಂದು ಎಚ್ಚರಿಸುವ ವಚನ ಪ್ರಸಿದ್ಧವಾದುದು. ಕೂದಲು, ಕೆನ್ನೆ, ಹಲ್ಲು, ಬೆನ್ನು ಎಂದು ದೇಹದ ಕುಸಿತವನ್ನು ಅದು ಒಂದೊಂದಾಗಿ ಹೇಳುತ್ತದೆ. ಈ ಲಕ್ಷಣಗಳ ನಡುವೆ ಪರರ ಹಂಗಿನ ಮಾತೂ ಬರುತ್ತದೆ ಎಂಬುದು ಗಮನಾರ್ಹ. ಉಳಿದವು ಕಣ್ಣಿಗೆ ಕಾಣುವ ವಿಕಾರಗಳಾದರೆ ಹಂಗು ಮನುಷ್ಯಸಂಬಂಧಕ್ಕೆ ಸೇರಿದ ಸ್ಥಿತಿ. ರೂಪ ಅಳಿಯುವುದಕ್ಕಿಂತ ಸ್ವಾಧೀನ ತಪ್ಪುವುದು ಇಲ್ಲಿನ ಆಳವಾದ ಆತಂಕ. ದೇಹವನ್ನೇ ದೇಗುಲವೆಂದು ಕಂಡ ವಚನಕಾರರಿಗೆ ದೇಹ ತುಚ್ಛವಲ್ಲ. ಸಾಧನೆಗೆ ಒದಗುವ ಸಲಕರಣೆ. ಆದ್ದರಿಂದ ಈ ವಚನವನ್ನು ದೇಹನಿಂದೆ ಎನ್ನುವುದು ಎಷ್ಟು ತಪ್ಪೋ ಆರೋಗ್ಯೋಪದೇಶ ಎನ್ನುವುದೂ ಅಷ್ಟೇ ತಪ್ಪು.

ಮುಪ್ಪನ್ನು ಹಿಮ್ಮೆಟ್ಟಿಸುವ ಹಂಬಲಕ್ಕೆ ಆಯುರ್ವೇದದಲ್ಲಿ ಪ್ರತ್ಯೇಕ ಸ್ಥಾನವಿದೆ. ‘ಚರಕಸಂಹಿತೆ’ಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ರಸಾಯನ ಪ್ರಕರಣದಿಂದ, ಚ್ಯವನ ಮತ್ತೆ ಯೌವನ ಪಡೆದ ಪ್ರಸ್ತಾಪವೂ ಅಲ್ಲಿದೆ. ಆದರೆ ಅದೇ ಪ್ರಕರಣ ಔಷಧದ ಜೊತೆಗೆ ಆಚಾರರಸಾಯನವನ್ನೂ ವಿಧಿಸುತ್ತದೆ. ಸತ್ಯ, ಅಕ್ರೋಧಗಳೊಡನೆ ವೃದ್ಧರ ಸೇವೆಯನ್ನೂ ಅದು ಸೇರಿಸುತ್ತದೆ. ತನ್ನ ದೇಹವನ್ನು ಕಾಪಾಡಿಕೊಳ್ಳುವುದು ಇತರರ ಮುಪ್ಪಿನ ಹೊಣೆಯಿಂದ ಬಿಡುಗಡೆಯಲ್ಲ ಎಂಬ ಅರಿವು ಇದರಲ್ಲಿದೆ.

ಯಯಾತಿ ಮರೆಯುವುದು ಈ ಅರಿವನ್ನೇ. ಮಹಾಭಾರತದ ಆದಿಪರ್ವದಲ್ಲಿ ಹಿರಿಯ ಮಕ್ಕಳು ತಂದೆಯ ಮುಪ್ಪನ್ನು ನಿರಾಕರಿಸುತ್ತಾರೆ. ಕಿರಿಯನಾದ ಪೂರು ಒಪ್ಪಿ ರಾಜ್ಯ ಪಡೆಯುತ್ತಾನೆ. ಅಲ್ಲಿ ಪೂರುವಿನ ತ್ಯಾಗಕ್ಕೆ ಪುರಸ್ಕಾರವಿದೆ. ಕಾರ್ನಾಡರು ಮೂಲದಲ್ಲಿಲ್ಲದ ಚಿತ್ರಲೇಖೆಯನ್ನು ಪೂರುವಿನ ನವವಧುವಾಗಿ ತಂದು ಆ ತ್ಯಾಗದ ಲೆಕ್ಕವನ್ನೇ ತಿರುವುಮುರುವು ಮಾಡುತ್ತಾರೆ. ತಂದೆ ಮಗನ ನಡುವಿನ ವಿನಿಮಯಕ್ಕೆ ಬೆಲೆ ತೆರುವವಳು ಒಪ್ಪಿಗೆ ಕೊಡದ ಮೂರನೆಯವಳು. ಅವಳ ಆತ್ಮಹತ್ಯೆಯ ಬಳಿಕವೇ ಯಯಾತಿ ತನ್ನ ಮುಪ್ಪನ್ನು ಮರಳಿ ಪಡೆಯುತ್ತಾನೆ.

ನಾಟಕಕ್ಕೆ ಒಂದು ಮಿತಿಯೂ ಇದೆ. ಮುಪ್ಪು ಇಲ್ಲಿ ಹಠಾತ್ತನೆ ಎರಗುವ ಶಾಪ. ದಿನದಿನವೂ ಕುಗ್ಗುತ್ತ ಬದುಕುವ ಅನುಭವವಲ್ಲ. ವಚನದ ಅಂಗಾಂಗ ವಿವರಗಳಲ್ಲಿರುವ ನಿಧಾನಗತಿ ನಾಟಕಕ್ಕೆ ದಕ್ಕಿಲ್ಲ. ವಚನ ಹಂಗಿಗೆ ಒಳಗಾಗುವವನ ಅಳಲನ್ನು ಬಲ್ಲದು. ಹಂಗನ್ನು ಹೊರುವವರ ಸಂಕಟ ಅದರ ವಸ್ತುವಲ್ಲ. ನಾಟಕದ ನೋಟ ಇದಕ್ಕೆ ವಿರುದ್ಧ ದಿಕ್ಕಿನದು. ಈ ಎರಡನ್ನೂ ಒಂದರ ಪಕ್ಕ ಇನ್ನೊಂದನ್ನಿಟ್ಟು ಓದಿದಾಗಲೇ ಮುಪ್ಪು ವ್ಯಕ್ತಿಯ ದೈಹಿಕ ಅವಸ್ಥೆಯಷ್ಟೇ ಅಲ್ಲ, ತಲೆಮಾರುಗಳ ನಡುವಿನ ನ್ಯಾಯದ ಪ್ರಶ್ನೆಯೂ ಹೌದೆಂಬುದು ಸ್ಪಷ್ಟವಾಗುತ್ತದೆ.